ಖಾಲಿ ಗಾಡಿಯ ತೂಕ

ಹದಿನೆಂಟು ಹಂಗಾಮು ಮಂಡ್ಯದ ಈ ಕಿಟಕಿಯಲ್ಲಿ ಕೂತು
ಕಬ್ಬು ತೂಗಿದ್ದೇನೆ.
ತುಂಬಿದ ಲಾರಿ ಒಂದು ಸಲ, ಸುರಿದು ಬಂದ ಲಾರಿ ಇನ್ನೊಂದು ಸಲ,
ಅದರಲ್ಲಿ ಇದು ಕಳೆದರೆ ಉಳಿಯುವುದು ಕಬ್ಬು.
ಡ್ರೈವರ್ ಕೆಳಗಿಳಿಯಲಿ ಎಂದು ಕೂಗುವುದೂ ನನ್ನದೇ ಕೆಲಸ.

ಆಸ್ಪತ್ರೆಯ ಕಾಗದಕ್ಕೆ ತೂಕ ಬೇಕಿತ್ತು.
ಔಷಧಿ ಅಂಗಡಿಯ ಕಾಟಾ
ನೂರಿಪ್ಪತ್ತಕ್ಕೆ ಮುಳ್ಳು ಬಡಿದು ನಿಂತಿತು.
ರಾತ್ರಿ ಪಾಳಿ, ಗಾಡಿಗಳ ಸಾಲು ಕರಗಿದ ಮೇಲೆ
ಲಾರಿ ನಿಲ್ಲುವ ಹಲಗೆಗೆ ಹೋಗಿ ನಿಂತೆ.
ಒಳಗಿಂದ ಸಿದ್ದಯ್ಯ ಓದಿ ಹೇಳಿದ:
'ನೂರ ನಲವತ್ತು ಅಕ್ಕ. ಇದು ಇಪ್ಪತ್ತಿಪ್ಪತ್ತೇ ಎಣಿಸೋದು,
ಆಚೀಚೆ ಇರ್ಬೋದು.'
ಆ ಆಚೀಚೆಗೆ ಅವನಿಗೆ ಇನ್ನೂ ಋಣಿ.

ಆಪರೇಷನ್‌ಗೆ ಮುಂಚೆ ಹದಿನಾಲ್ಕು ದಿನ ಬರೀ ಕುಡಿಯುವುದು:
ಮಜ್ಜಿಗೆ, ಬೇಳೆಕಟ್ಟು, ಸೀಮೆಸುಣ್ಣದ ರುಚಿಯ ಒಂದು ಪುಡಿ.
ಲಿವರ್ ಕುಗ್ಗಬೇಕಂತೆ, ದಾರಿ ಬಿಡಬೇಕಂತೆ.
ಮೂರು ಗುಂಡಿನ ಪ್ಲಾಸ್ಟಿಕ್ ಆಟಿಕೆ ಕೊಟ್ಟು ಉಸಿರೆಳೆಯಿರಿ ಅಂದರು.
ಎರಡು ಏಳುತ್ತಿದ್ದವು. ಮೂರನೆಯದು
ಊಟ ಮುಗಿದರೂ ಏಳದ ಬೀಗ.

ಅವ್ವ ಚೆನ್ನಾಜಮ್ಮ ಒಂದೇ ಮಾತು ಕೇಳಿದಳು:
'ಹೊಟ್ಟೆ ಕುಯ್ದು ಬಿಸಾಕ್ತಾರಾ?
ನಾನು ತುಂಬ್ಸಿದ ಹೊಟ್ಟೆ ಕಣೆ ಅದು.'
ಉತ್ತರವಿರಲಿಲ್ಲ.
ಮೈಸೂರಿನ ಪ್ಯಾಸೆಂಜರ್ ಹತ್ತಿ ಬಾಗಿಲ ಬಳಿ ನಿಂತೇ ಹೋದೆ,
ಮೂವರ ಸೀಟಿನಲ್ಲಿ ಇಬ್ಬರಾಗಿ ಕೂರುವುದು ಬೇಡವೆಂದು.
ಶ್ರೀರಂಗಪಟ್ಟಣದ ಸೇತುವೆ ಮೇಲೆ ಯಾರೋ ಹೊಳೆಗೆ ಕಾಸೆಸೆದರು.

ಐದು ತೂತು. ಅಷ್ಟೆ.
ಎಚ್ಚರವಾದಾಗ ನನ್ನ ಹೊಟ್ಟೆ
ನಂಜನಗೂಡಿನ ಒಂದು ರಸಬಾಳೆಯಷ್ಟಿತ್ತು.
ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ನೀರು,
ಕಾಲು ಗಂಟೆಗೊಂದು ಮುಚ್ಚಳ.
ಟನ್ನುಗಟ್ಟಲೆ ಬರೆದ ಕೈ
ಮೂವತ್ತು ಎಂಎಲ್, ಮೂವತ್ತು ಎಂಎಲ್ ಎಂದು
ಪುಟ ತುಂಬಿಸಿತು.

ಕಷ್ಟ ಬಂದದ್ದು ಮುದ್ದೆಯಲ್ಲಿ.
ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ. ಮುರಿ, ಅದ್ದು, ನುಂಗು.
ಅಗಿಯುವವರನ್ನು ಕಂಡು 'ಪ್ಯಾಟೆಯೋರು' ಅಂತ ನಕ್ಕವರು ನಾವು.
ಡಯಟೀಷಿಯನ್ ಹುಡುಗಿ, ಕೊಡಗಿನವಳೋ ಎಲ್ಲಿಯವಳೋ,
ಏನು ತಿಂದರೂ ಮೂವತ್ತು ಸಲ ಅಗಿಯಿರಿ ಅಂದಿದ್ದಳು.
ಗೋಲಿಯಷ್ಟು ಮುದ್ದೆ ಬಸ್ಸಾರಿನಲ್ಲಿ ಅದ್ದಿ
ಬಾಯಿಗಿಟ್ಟು ಎಣಿಸಿದೆ.
ಹನ್ನೊಂದಕ್ಕೆ ಹಲ್ಲಿಗೆ ಅಂಟಿತು.
ಹತ್ತೊಂಬತ್ತಕ್ಕೆ ರಾಗಿಯೊಳಗೊಂದು ಸಿಹಿ ಸಿಕ್ಕಿತು.
ನಲವತ್ತಾರು ವರ್ಷ ಅಲ್ಲಿ ನಿಲ್ಲದೆ ಹಾದುಹೋಗಿದ್ದೆ,
ಸಣ್ಣ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್ ಹೋದ ಹಾಗೆ.
ಇಪ್ಪತ್ತೈದಕ್ಕೆ ಅಭ್ಯಾಸ ಗೆದ್ದಿತು, ನುಂಗಿಬಿಟ್ಟೆ.
ಎದೆಯಲ್ಲಿ ಸಿಕ್ಕಿ ಬಚ್ಚಲಿಗೆ ಓಡಿದೆ.

ಮೂರನೇ ತಿಂಗಳು ಕೂದಲು ಕೈಗೆ ಬಂತು.
ತೋಳಿನ ಚರ್ಮ, ಹೊರೆ ಇಳಿಸಿದ ಗಾಡಿಯ ಹಗ್ಗ.
ಸಂತೆಯಲ್ಲಿ 'ಶುಗರ್ರಾ?' ಎಂದು ಕೇಳುವವರಿಗೆ
'ಊಂ' ಅಂದುಬಿಡುತ್ತೇನೆ.
ಸಕ್ಕರೆಯ ಊರಲ್ಲಿ ಆ ಕಾಯಿಲೆಗೊಂದು ಮರ್ಯಾದೆಯಿದೆ.

ಈಗ ಹಲಗೆಯ ಮೇಲೆ ನಿಂತರೆ ಎಂಬತ್ತು, ಆಚೀಚೆ.
ಕಳೆದ ಅರವತ್ತರಲ್ಲಿ ಸರಕೆಷ್ಟು, ಗಾಡಿಯೆಷ್ಟು,
ಲೆಕ್ಕ ಹತ್ತಿಲ್ಲ.
ಸಿದ್ದಯ್ಯನನ್ನು ಕೇಳಿದರೆ
'ಚೀಟಿ ಹರಿದ್ಕೊಡ್ಲಾ ಅಕ್ಕ?' ಅಂತಾನೆ.

ನಾದಿನಿಯ ಮಗನ ಬೀಗರೂಟ.
'ಅಕ್ಕಂಗೆ ಇನ್ನೊಂದ್ ಮುದ್ದೆ ಬಿಡ್ರೋ!'
ಬಡಿಸುವವನ ಹಳೆಯ ಪ್ರೀತಿ, ಬೇಡ ಅನ್ನುವಷ್ಟರಲ್ಲಿ
ಎಲೆಯ ಮೇಲೆ ಕೂತಾಗಿತ್ತು, ಹೊಗೆಯಾಡುತ್ತ.
ಪಂಕ್ತಿ ಎದ್ದಿತು.
ನಾನಿನ್ನೂ ಎರಡನೇ ತುಂಡು ಅಗಿಯುತ್ತಿದ್ದೆ.
ಪಕ್ಕದಲ್ಲಿ ಅವ್ವ ಮಾತ್ರ ಏಳಲಿಲ್ಲ.
ಮಡಿಚಿದ ತನ್ನ ಎಲೆ ಮತ್ತೆ ಬಿಚ್ಚಿ,
ನನ್ನ ಮುದ್ದೆ ಎತ್ತಿ ಅದಕ್ಕೆ ಹಾಕಿಕೊಂಡು,
ಮುರಿದಳು, ಅದ್ದಿದಳು,
ನನ್ನ ಬಾಯಿ ನೋಡುತ್ತ
ಹಲ್ಲಿಲ್ಲದ ಬಾಯಲ್ಲಿ
ಅಗಿಯತೊಡಗಿದಳು.